ಬೆಣೆಯ ಎರಡನೇ ಸುತ್ತು

ಕಲ್ಲು ಗಟ್ಟಿಯೋ ಕಬ್ಬಿಣ ಗಟ್ಟಿಯೋ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಡುಕು ಬರುತ್ತದೆ. ಎರಡೂ ಸವೆಯುತ್ತವೆ. ಆದರೆ ಅವೆರಡಕ್ಕಿಂತ ಮೊದಲು ಸವೆಯುವುದು ನಡುವೆ ನಿಂತು ಸಮ್ಮಟಿಗೆ ಬೀಸುವವನ ರಟ್ಟೆ. ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ, ಶಿಕಾರಿಪುರದಿಂದ ಆನವಟ್ಟಿಗೆ ಹೋಗುವ ರಸ್ತೆಯ ಪಕ್ಕದ ಒಂದು ಕಲ್ಲುಕ್ವಾರಿಯಲ್ಲಿ ನಾನು ಫಿಟ್ಟರ್ ಆಗಿದ್ದೆ. ಕಲ್ಲನ್ನು ಜಲ್ಲಿ ಮಾಡುವ ಒಂದು ಹಳೆಯ ಯಂತ್ರವನ್ನು ಸುಸ್ಥಿತಿಯಲ್ಲಿ ಇಡುವುದು ನನ್ನ ಕೆಲಸ. ಸುಸ್ಥಿತಿ ಎಂಬುದು ದೊಡ್ಡ ಮಾತಾಯಿತು. ಅದು ಸಾಯದಂತೆ ನೋಡಿಕೊಳ್ಳುತ್ತಿದ್ದೆ ಎಂದರೆ ಸರಿ.

ನಮ್ಮದು ಶಿಕಾರಿಪುರದ ಪೇಟೆಯಲ್ಲಿ ಕಮ್ಮಾರಿಕೆ ಮಾಡುವ ಸಾಬರ ಮನೆ. ಅಪ್ಪ ಗಾಡಿ ಚಕ್ರಕ್ಕೆ ಹಳಿ ಕಟ್ಟುತ್ತಿದ್ದರು, ಬೀಗ ರಿಪೇರಿ ಮಾಡುತ್ತಿದ್ದರು. ನಾನು ಒಂದು ಅಣೆಕಟ್ಟಿನ ಕೆಲಸಕ್ಕೆ ಹೋಗಿ ಯಂತ್ರಗಳ ಜತೆ ಪಳಗಿದೆ. ಅಲ್ಲಿ ಕೆಲಸ ಮುಗಿದು ಹಳೆಯ ಯಂತ್ರಗಳನ್ನು ಮಾರುವಾಗ ನಮ್ಮೂರಿನ ಒಬ್ಬ ವ್ಯಾಪಾರಿ ಈ ಕ್ರಷರ್ ಕೊಂಡರು. ರಸ್ತೆ ಕೆಲಸದ ಕಂತ್ರಾಟು ಹಿಡಿದಿದ್ದರು. ಯಂತ್ರ, ಅದರ ಬೆಲ್ಟು, ಎಣ್ಣೆ ಡಬ್ಬಿಗಳು ಮತ್ತು ನಾನು, ಎಲ್ಲವನ್ನೂ ಒಂದೇ ಲಾರಿಗೆ ಹೇರಿಕೊಂಡು ಬಂದರು. ಅವರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು, ನಾನೂ ಹಾಗೆಯೇ ಎನ್ನುತ್ತಿದ್ದೆ.

ಯಂತ್ರದ ಹೊಟ್ಟೆಯೊಳಗೆ ಒಂದು ದಪ್ಪ ಕಬ್ಬಿಣದ ಉರುಳೆ. ರೋಟರ್ ಎಂದು ಅದರ ಹೆಸರು. ನಮ್ಮ ಬಾಯಲ್ಲಿ ಅದು ಉರುಳೆಯೇ. ಉರುಳೆಯ ಮೈಮೇಲೆ ಉದ್ದಕ್ಕೆ ನಾಲ್ಕು ತೋಡು. ಒಂದೊಂದು ತೋಡಿನಲ್ಲಿ ಒಂದೊಂದು ಉಕ್ಕಿನ ಪಟ್ಟಿ, ಅರ್ಧ ಒಳಗೆ, ಅರ್ಧ ಹೊರಗೆ. ಆಯಿಲ್ ಇಂಜಿನ್ನು ಉರುಳೆಯನ್ನು ಗಿರಗಿರ ತಿರುಗಿಸುತ್ತದೆ. ಮೇಲಿನ ಬಾಯಿಂದ ಬೀಳುವ ಕಲ್ಲನ್ನು ಪಟ್ಟಿಗಳು ಹೊಡೆದು ಎದುರಿನ ಕಬ್ಬಿಣದ ಗೋಡೆಗೆ ಅಪ್ಪಳಿಸುತ್ತವೆ. ಕಲ್ಲು ಚೂರಾಗಿ ಕೆಳಗೆ ಜಲ್ಲಿಯಾಗಿ ಸುರಿಯುತ್ತದೆ. ಹೊಡೆದು ಹೊಡೆದು ಪಟ್ಟಿಯ ಅಂಚು ಸವೆದು ದುಂಡಗಾಗುತ್ತದೆ. ಆಗ ಅದನ್ನು ಬಿಚ್ಚಿ, ತಿರುಗಿಸಿ, ಸವೆಯದ ಅಂಚನ್ನು ಹೊರಗೆ ಮಾಡಿ ಮತ್ತೆ ಕೂರಿಸಬೇಕು. ಎರಡೂ ಅಂಚು ಮುಗಿದರೆ ಹೊಸ ಪಟ್ಟಿ ಹಾಕಬೇಕು. ನಮ್ಮ ಕಡೆಯ ಕರಿಕಲ್ಲಿಗೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಈ ಗೋಳು ತಪ್ಪುತ್ತಿರಲಿಲ್ಲ.

ಪಟ್ಟಿಯನ್ನು ತೋಡಿನಲ್ಲಿ ಹಿಡಿದಿಡುವುದು ಒಂದು ಬೆಣೆ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು, ಮೊಳದುದ್ದದ ಕಬ್ಬಿಣದ ತುಂಡು. ಪಟ್ಟಿಗೂ ತೋಡಿನ ಗೋಡೆಗೂ ನಡುವೆ ಅದನ್ನು ತೂರಿಸಿ ಸಮ್ಮಟಿಗೆಯಿಂದ ಹೊಡೆಯಬೇಕು. ಮೊದಲು ದಬ್ ದಬ್ ಎನ್ನುತ್ತದೆ. ಬಿಗಿಯಾಗುತ್ತ ಬಂದ ಹಾಗೆ ಸದ್ದು ತೆಳ್ಳಗಾಗಿ ಕೊನೆಗೆ ಟಣ್ ಎನ್ನುತ್ತದೆ. ಟಣ್ ಎಂದರೆ ಸಾಕು. ಕಬ್ಬಿಣವನ್ನು ಕಬ್ಬಿಣ ಕಚ್ಚಿಕೊಂಡು ನಿಲ್ಲುವುದೇ ಅಲ್ಲಿನ ಭದ್ರತೆ, ಬೇರೆ ಬೋಲ್ಟಿಲ್ಲ, ಬೀಗವಿಲ್ಲ. ಆದ್ದರಿಂದ ತೋಡು ಒಣಗಿರಬೇಕು. ನೀರು, ಮಣ್ಣು, ಜಿಡ್ಡು ಯಾವುದೂ ಇರಕೂಡದು. ಇದನ್ನು ಅಣೆಕಟ್ಟಿನಲ್ಲಿ ನನ್ನ ಮೇಸ್ತ್ರಿ ಬೈದು ಬೈದು ಕಲಿಸಿದ್ದರು.

ಬೆಣೆ ಹೊಡೆಯುವುದಕ್ಕಿಂತ ತೆಗೆಯುವುದು ಕಷ್ಟ. ಹತ್ತು ದಿನದ ಕಲ್ಲಿನ ಪುಡಿ ತೋಡಿನ ಸಂದಿಗೆಲ್ಲ ಇಳಿದು ಗಾರೆ ಹಾಕಿದ ಹಾಗೆ ಹೆಪ್ಪುಗಟ್ಟಿರುತ್ತಿತ್ತು. ಯಂತ್ರದ ಹಿಂದಿನ ಬಾಗಿಲು ಬಿಚ್ಚಿ, ಉರುಳೆ ತಿರುಗದಂತೆ ಮರದ ದಿಮ್ಮಿ ಕೊಟ್ಟು, ಅರ್ಧ ಮೈಯನ್ನು ಒಳಗೆ ತೂರಿಸಿ ಓರೆಯಾಗಿ ನಿಂತು ಹೊಡೆಯಬೇಕು. ಅಲ್ಲಿ ಸಮ್ಮಟಿಗೆ ಪೂರ್ತಿ ಬೀಸಲು ಜಾಗವಿಲ್ಲ. ಅರ್ಧ ಬೀಸಿ ಪೂರ್ತಿ ಪೆಟ್ಟು ಕೊಡಬೇಕು. ಒಂದೊಂದು ಬೆಣೆಗೆ ಒಂದೊಂದು ಗಂಟೆ ಹಿಡಿದ ದಿನಗಳಿವೆ. ಮನೆಗೆ ಹೋದಾಗ ಹೆಂಡತಿ ನನ್ನ ಬಲರಟ್ಟೆಗೆ ಬಿಸಿ ಉಪ್ಪಿನ ಶಾಖ ಕೊಡುತ್ತಿದ್ದಳು. "ಯಂತ್ರಕ್ಕೆ ಹೊಸ ಪಟ್ಟಿ ಬರುತ್ತೆ, ನಿಮಗೆ ಹೊಸ ತೋಳು ಯಾರು ತರಿಸಿಕೊಡ್ತಾರೆ?" ಎಂದು ಗೊಣಗುತ್ತಿದ್ದಳು. ಅವಳ ಮಾತಿಗೆ ನಾನು ರೇಗುತ್ತಿದ್ದೆ. ಆಗ ಎಲ್ಲದಕ್ಕೂ ರೇಗುತ್ತಿದ್ದೆ.

ಪಟ್ಟಿಗಳ ತೂಕದ್ದು ಇನ್ನೊಂದು ತಲೆನೋವು. ಎದುರುಬದುರು ಪಟ್ಟಿಗಳು ಒಂದೇ ತೂಕ ಇರಬೇಕು. ಇಲ್ಲದಿದ್ದರೆ ಉರುಳೆ ಓಲಾಡಿ ಇಡೀ ಯಂತ್ರವೇ ನಡುಗುತ್ತದೆ. ಕ್ವಾರಿಯಲ್ಲಿ ತಕ್ಕಡಿ ಎಲ್ಲಿಂದ ಬರಬೇಕು? ಹೊಸ ಪಟ್ಟಿ ಬಂದಾಗಲೆಲ್ಲ ಗಾಡಿಗೆ ಹೇರಿ ಆನವಟ್ಟಿಗೆ ಒಯ್ದು ಭತ್ತದ ಮಂಡಿಯ ದೊಡ್ಡ ತಕ್ಕಡಿಯಲ್ಲಿ ತೂಗಿಸುತ್ತಿದ್ದೆ. ಮಂಡಿಯವರು ನನ್ನನ್ನು ಕಂಡೊಡನೆ, "ಬಂದ್ರು ನೋಡ್ರಪ್ಪ ಕಬ್ಬಿಣದ ಭತ್ತ ಬೆಳೆಯೋರು" ಎಂದು ನಗುತ್ತಿದ್ದರು. ಹೆಚ್ಚು ತೂಗಿದ ಪಟ್ಟಿಯನ್ನು ಅರದಲ್ಲಿ ಉಜ್ಜಿ ಸರಿದೂಗಿಸುವ ಹೊತ್ತಿಗೆ ನನಗೆ ನಗು ಬರುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿ ನಾಲ್ಕೂ ಬೆಣೆ ಬಿಗಿದರೂ ಕೆಲಸ ಮುಗಿಯುತ್ತಿರಲಿಲ್ಲ. ಯಂತ್ರವನ್ನು ಅರ್ಧ ಗಂಟೆ ಕಲ್ಲು ಹಾಕದೆ ಓಡಿಸಬೇಕು. ಓಡುವಾಗ ಪಟ್ಟಿ ತನ್ನ ಜಾಗ ಹುಡುಕಿಕೊಂಡು ಕೂರುತ್ತದೆ, ಬೆಣೆ ಕೊಂಚ ಸಡಿಲವಾಗುತ್ತದೆ. ಆಮೇಲೆ ಇಂಜಿನ್ ನಿಲ್ಲಿಸಿ, ಬೆಲ್ಟು ಕಳಚಿ, ಬಾಗಿಲು ಬಿಚ್ಚಿ ನಾಲ್ಕಕ್ಕೂ ಇನ್ನೊಮ್ಮೆ ಹೊಡೆಯಬೇಕು. ಅದಕ್ಕೆ ಎರಡನೇ ಸುತ್ತು ಎನ್ನುತ್ತಿದ್ದೆವು. ಎರಡನೇ ಸುತ್ತು ಮುಗಿಸಿ ಕೆಳಗಿನಿಂದ ನಾನು "ಹಾಕಿ" ಎಂದು ಕೂಗಬೇಕು. ನಾನು ಕೂಗುವವರೆಗೆ ಮೇಲೆ ನಿಂತವರು ಯಂತ್ರದ ಬಾಯಿಗೆ ಒಂದು ಹರಳನ್ನೂ ಹಾಕುವಂತಿರಲಿಲ್ಲ. ಸಾವ್ಕಾರ್ರೇ ಬಂದು ಹೇಳಿದರೂ ಹಾಕುವಂತಿರಲಿಲ್ಲ. ಆ ಒಂದು ಮಾತಿನ ಮಟ್ಟಿಗೆ ಕ್ವಾರಿಗೆ ನಾನೇ ದೊರೆ.

ಮೇಲೆ ನಿಂತು ಕಲ್ಲು ಹಾಕುತ್ತಿದ್ದವರು ನಲವತ್ತು ದಾಟಿದ ಒಬ್ಬ ಗೌಡರು. ಗಡಿಯಾಚೆ ಸೊರಬ ತಾಲ್ಲೂಕಿನ ಒಂದು ಹಳ್ಳಿಯವರು, ಕ್ವಾರಿಯಿಂದ ಒಂದು ಗಂಟೆಯ ಕಾಲುದಾರಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ತಲೆಗೊಂದು ಬಿಳಿ ವಸ್ತ್ರ. ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ಧೂಳು ಮೈಗೆಲ್ಲ ಮೆತ್ತಿ ವಿಭೂತಿ ಯಾವುದು ಧೂಳು ಯಾವುದು ಗೊತ್ತಾಗುತ್ತಿರಲಿಲ್ಲ. ಅವರಿಗೆ ಹೊಲವೂ ಇತ್ತು. ಆದರೆ ಅಣ್ಣತಮ್ಮಂದಿರ ನಡುವೆ ಹಿಸ್ಸೆಯಾಗಿ ಹಿಸ್ಸೆಯಾಗಿ ಅವರ ಪಾಲಿಗೆ ಉಳಿದದ್ದು ಒಂದು ಜೋಡಿ ಎತ್ತು ತಿರುಗಲಾರದಷ್ಟು. "ಗೌಡ್ರೆ, ನಿಮ್ಮ ಜಮೀನಿನ ಪಹಣಿ ಬರಿಯೋಕೆ ಶಾನುಭೋಗ್ರಿಗೆ ಭೂತಗನ್ನಡಿ ಬೇಕಲ್ರೀ" ಎಂದು ನಾನು ಕೆಣಕುತ್ತಿದ್ದೆ. "ಬೇಕು ಮಾರಾಯ್ರೆ, ನೀವೇ ಒಂದು ಮಾಡಿಕೊಡಿ" ಎಂದು ಅವರು ನಗುತ್ತಿದ್ದರು. ಬೇಜಾರು ಮಾಡಿಕೊಂಡವರಲ್ಲ.

ಅವರ ಹೆಂಡತಿಗೆ ಎರಡನೇ ಹೆರಿಗೆಯಲ್ಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿಹೋಗಿತ್ತು. ಆ ಮಗುವೂ ಉಳಿದಿರಲಿಲ್ಲ. ಮೊದಲ ಮಗಳನ್ನು ಮದುವೆ ಮಾಡಿ ಕಳಿಸಿದ್ದರು. ಬೆಳಗ್ಗೆ ಎದ್ದು ರೊಟ್ಟಿ ಬಡಿದು, ಹೆಂಡತಿಗೆ ಮುಖ ತೊಳೆಸಿ ಉಣ್ಣಿಸಿ, ಕೈಗೆಟಕುವಂತೆ ನೀರಿಟ್ಟು ಹೊರಡುತ್ತಿದ್ದರು. ಸಂಜೆ ಬೆಳಕಿರುವಾಗಲೇ ಮನೆ ಸೇರಬೇಕಿತ್ತು. ನಡೆದು ಹೋಗಿ ನಡೆದು ಬರುವಷ್ಟು ಹತ್ತಿರದಲ್ಲಿ, ವರ್ಷವಿಡೀ ಇರುವ ದುಡಿಮೆ ಆ ಸೀಮೆಯಲ್ಲಿ ನಮ್ಮ ಕ್ವಾರಿಯೊಂದೇ. ಅದು ತಪ್ಪಿದರೆ ದೂರದ ಊರಿಗೆ ಹೋಗಬೇಕು, ಹೋದರೆ ಆಕೆಯನ್ನು ನೋಡುವವರಿಲ್ಲ. ಇದು ಕ್ವಾರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗಂತೂ ಚೆನ್ನಾಗಿ ಗೊತ್ತಿತ್ತು.

ನಾನು ಯಂತ್ರದೊಳಗೆ ಅರ್ಧ ಹೂತುಕೊಂಡು ಬೆಣೆ ತೆಗೆಯುವಾಗ ಅವರಿಗೆ ಕೆಲಸವಿರುತ್ತಿರಲಿಲ್ಲ. ಬೇರೆಯವರು ಬೀಡಿ ಸೇದಲು ಹೋದರೆ ಇವರು ಮಾತ್ರ ಮೇಲೆ ತಮ್ಮ ಹಲಗೆಯ ಮೇಲೆ ಕೂತು ಬಾಯಿಯೊಳಗೆ ಇಣುಕುತ್ತಿದ್ದರು. "ಬಂತಾ ಸಾಬ್ರೆ?" "ಇಲ್ರೀ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಈಗ ಬಂತಾ?" ನನ್ನ ಸಿಟ್ಟು ನೆತ್ತಿಗೇರುತ್ತಿತ್ತು. "ಬಂದ್ರೆ ನಿಮ್ಮ ಮನೆಗೇ ಕಳಿಸ್ತೀನಿ ತಡೀರಿ" ಎಂದು ಕೂಗುತ್ತಿದ್ದೆ. ಅವರು ಸುಮ್ಮನಾಗುತ್ತಿದ್ದರು. ಸುಮ್ಮನಾಗಿ ನನ್ನ ಪೆಟ್ಟುಗಳನ್ನು ಕೇಳುತ್ತ ಕೂರುತ್ತಿದ್ದರು.

ಎರಡನೆಯ ವರ್ಷದ ನವರಾತ್ರಿ ಬಂತು. ಆಯುಧಪೂಜೆಗೆ ಯಂತ್ರ ತೊಳೆಯಬೇಕು ಎಂದು ಸಾವ್ಕಾರ್ರು ಹೇಳಿಕಳಿಸಿದ್ದರು. ಹೇಗೂ ಪಟ್ಟಿ ತಿರುಗಿಸುವ ದಿನ ಹತ್ತಿರವಿತ್ತು. ಪೂಜೆಯ ಹಿಂದಿನ ದಿನ ನಾಲ್ಕೂ ಬೆಣೆ ತೆಗೆದು, ಪಟ್ಟಿಗಳನ್ನು ಹೊರಗೆ ಮಲಗಿಸಿ, ತೋಡುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಒಣಬಟ್ಟೆಯಲ್ಲಿ ಒರೆಸಿದೆ. ಆ ಸಲದ ಬೆಣೆಗಳು ನನ್ನ ಪ್ರಾಣ ಹಿಂಡಿದ್ದವು. ಒಂದನ್ನಂತೂ ತೆಗೆಯುವಾಗ ನಾನು ಸಮ್ಮಟಿಗೆ ಎಸೆದು ಅತ್ತೇಬಿಟ್ಟಿದ್ದೆ. ಬೆವರು ಒರೆಸಿಕೊಂಡ ಹಾಗೆ ಮಾಡಿ ಮುಚ್ಚಿಕೊಂಡೆ. ಪೂಜೆಯ ದಿನ ಉಪಕರಣ ಮುಟ್ಟುವ ಹಾಗಿಲ್ಲವಾದ್ದರಿಂದ ನನಗೆ ರಜೆ. ಬೆಣೆ ತೆಗೆದ ದಿನವೇ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದೆ.

ಮಾರನೆಯ ದಿನ ಪೂಜೆ ನಡೆಸಿದವರು ಗೌಡರು. ಹಿಂದಿನ ವರ್ಷವೂ ಅವರೇ ಮಾಡಿದ್ದರು. ಯಂತ್ರಕ್ಕೆ ನೀರು ಹೊಯ್ದು, ಬಟ್ಟೆಯಲ್ಲಿ ಉಜ್ಜಿ, ನೆತ್ತಿಗೆ ವಿಭೂತಿಯ ಮೂರು ಪಟ್ಟೆ ಎಳೆದು, ಚೆಂಡುಹೂವು ಮುಡಿಸಿ, ಬೂದುಗುಂಬಳ ಒಡೆದು, ಮಂಡಕ್ಕಿ ಹಂಚಿದರಂತೆ. ಆ ಸಲ ನನ್ನ ಪಾಲಿನ ಮಂಡಕ್ಕಿಯನ್ನು ಒಂದು ಎಲೆಯಲ್ಲಿ ಕಟ್ಟಿ ನನ್ನ ಸಮ್ಮಟಿಗೆಯ ಪಕ್ಕ ಇಟ್ಟಿದ್ದರು.

ವಿಜಯದಶಮಿಯ ಬೆಳಗ್ಗೆ ನಾನು ಬಸ್ಸಿಳಿಯುವ ಹೊತ್ತಿಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಸಾವ್ಕಾರ್ರು ಜರತಾರಿ ರುಮಾಲು ಸುತ್ತಿಕೊಂಡು ಬಂದಿದ್ದರು. ಹನ್ನೊಂದು ಗಂಟೆಯೊಳಗೆ ಮೊದಲ ಕಲ್ಲು ಬೀಳಬೇಕೆಂದು ಯಾರೋ ಮುಹೂರ್ತ ಇಟ್ಟುಕೊಟ್ಟಿದ್ದರು. ನನ್ನ ರಟ್ಟೆ ಹಿಂದಿನ ದಿನಕ್ಕಿಂತ ಕೆಟ್ಟದಾಗಿತ್ತು. ತಲೆಗೆ ಬಟ್ಟೆ ಸುತ್ತಲೂ ಕೈ ಮೇಲೆತ್ತಲು ಆಗುತ್ತಿರಲಿಲ್ಲ. ಹೇಳಿದರೆ ಯಾರು ಕೇಳುತ್ತಾರೆ? ಹೇಳಲೂ ಇಲ್ಲ.

ಇಬ್ಬರ ಸಹಾಯದಿಂದ ಪಟ್ಟಿಗಳನ್ನು ಎತ್ತಿ ತೋಡಿಗೆ ಕೂರಿಸಿದೆ. ಬೆಣೆಗಳ ಮೇಲೆ ಎಣ್ಣೆ ಹೊಳೆಯುತ್ತಿತ್ತು. ಪೂಜೆಯ ಎಣ್ಣೆ ಎಂದುಕೊಂಡು ಬೈದುಕೊಳ್ಳುತ್ತ ಬಟ್ಟೆಯಲ್ಲಿ ಒರೆಸಿದೆ. ಪಟ್ಟಿ ಕೂರಿಸುವ ಮೊದಲು ತೋಡಿನೊಳಗೆ ಬೆರಳು ಆಡಿಸಿ ನೋಡಬೇಕಿತ್ತು. ನಾನೇ ಒರೆಸಿ ಹೋಗಿದ್ದೆನಲ್ಲ ಎಂದು ನೋಡಲಿಲ್ಲ. ಬೆಣೆಗಳು ಎಂದೂ ಇಲ್ಲದಷ್ಟು ಸಲೀಸಾಗಿ ಒಳಗೆ ಹೋದವು. ಹತ್ತು ಏಟಿನ ಕಡೆ ಐದಕ್ಕೇ ಟಣ್ ಎಂದವು. ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಖುಷಿ. ಸಾಕಾಗಿಹೋದವನಿಗೆ ಸಲೀಸಾದದ್ದೆಲ್ಲ ದೇವರು ಕೊಟ್ಟದ್ದರ ಹಾಗೆ ಕಾಣುತ್ತದೆ.

ಯಂತ್ರ ಅರ್ಧ ಗಂಟೆ ಬರಿದೇ ಓಡಿತು. ನಿಲ್ಲಿಸಿದರು. ಬೆಲ್ಟು ಕಳಚಿದರು. ನಾನು ಸಮ್ಮಟಿಗೆ ಹಿಡಿದು ಯಂತ್ರದ ಹಿಂದೆ ಹೋದೆ. ಸಾವ್ಕಾರ್ರು ಲಾರಿಗಳ ಹತ್ತಿರ ನಿಂತು, ಗಡಿಯಾರ ನೋಡಿ, ಅಲ್ಲಿಂದಲೇ ಕೂಗಿದರು: "ಲಗೂನ ಮುಗಸ್ರೀ ಸಾಬ್ರೆ, ಹೊತ್ತು ದಾಟ್ತೈತಿ!" ನಾನು ಬಾಗಿಲಿನ ಮೊದಲ ಬೋಲ್ಟಿಗೆ ಕೈ ಹಾಕಿದೆ. ರಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ಅಲ್ಲೇ ಇದ್ದ ಒಂದು ಕಲ್ಲಿನ ಮೇಲೆ ಕೂತೆ. ಸ್ವಲ್ಪ ಸುಧಾರಿಸಿಕೊಂಡು ಏಳೋಣ ಎಂದೇ ಕೂತದ್ದು. ಏಳಲಿಲ್ಲ. ಬೆಣೆಗಳು ಅಷ್ಟು ಚೆನ್ನಾಗಿ ಕೂತಿವೆ, ಒಂದು ಸಲಕ್ಕೆ ಏನಾಗುತ್ತದೆ ಎಂದುಕೊಂಡೆ. ಎರಡನೇ ಸುತ್ತಿಗೆ ಹಿಡಿಯುವಷ್ಟು ಹೊತ್ತು ಅಲ್ಲೇ ಕೂತಿದ್ದು ಆಮೇಲೆ ಎದ್ದು, ಬೆಲ್ಟು ಏರಿಸಲು ಇಂಜಿನ್ನಿನವನಿಗೆ ಕೈ ಮಾಡಿದೆ.

"ಆತಾ ಸಾಬ್ರೆ?" ಎಂದು ಮೇಲಿನಿಂದ ಗೌಡರು ಕೇಳಿದರು.

"ಆತು. ಹಾಕಿ" ಎಂದೆ.

ಅವರು ತಕ್ಷಣ ಹಾಕಲಿಲ್ಲ. ಯಂತ್ರ ಪೂರ್ತಿ ಓಟ ಹಿಡಿಯಲಿ ಎಂದು ಕಾಯುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಮೊದಲ ಕಲ್ಲು ಬಿತ್ತು. ಸಾವ್ಕಾರ್ರು ಕೈ ಮುಗಿದರು.

ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಮತ್ತೆ ಕೆಲಸಕ್ಕೆ ನಿಂತ ಮೇಲೆ ಯಂತ್ರದ ಸದ್ದು ಬದಲಾಯಿತು. ನಾನು ಎದ್ದು ಕೈ ಬೀಸಿ "ನಿಲ್ಸಿ" ಎಂದು ಕೂಗುವಷ್ಟರಲ್ಲಿ ಮುಗಿದುಹೋಗಿತ್ತು. ಒಂದು ಪಟ್ಟಿ ತೋಡಿನಿಂದ ಜಾರಿ ಎದುರಿನ ಕಬ್ಬಿಣದ ಗೋಡೆಗೆ ಬಡಿದು ಗೋಡೆಯೇ ಒಡೆಯಿತು. ಅಂಗೈಯಗಲದ ಒಂದು ಚೂರು ಮೇಲಿನ ಬಾಯಿಂದ ಹಾರಿ ಗೌಡರು ನಿಂತ ಜಾಗದ ಮೇಲಿಂದ ಹೋಯಿತು. ಅವರು ಆಗತಾನೇ ಇನ್ನೊಂದು ಕಲ್ಲು ಎತ್ತಲು ಬಗ್ಗಿದ್ದರು. ಬಗ್ಗದಿದ್ದರೆ ತಲೆಯಿರುತ್ತಿರಲಿಲ್ಲ. ನಾನು ಓಡಿ ಏಣಿ ಹತ್ತಿದೆ. ಹಲಗೆಯ ಮೇಲೆ ಅಂಗಾತ ಬಿದ್ದಿದ್ದರು, ಕಣ್ಣು ಬಿಟ್ಟಿದ್ದರು. "ನಂಗೇನೂ ಆಗಿಲ್ಲ, ನಿಮಗೇನಾರ ಆತಾ?" ಎಂದು ಕೇಳಿದರು. ನಾನು ಕೈಕೊಟ್ಟು ಅವರನ್ನು ಎಬ್ಬಿಸಿ ಕೂರಿಸಿದೆ.

ಬಾಗಿಲು ಬಿಚ್ಚಿದಾಗ ಸಾವ್ಕಾರ್ರು ಪಕ್ಕದಲ್ಲೇ ನಿಂತಿದ್ದರು. ಉರುಳೆಯ ಒಂದು ತೋಡಿನ ಅಂಚು ಬಿರುಕು ಬಿಟ್ಟಿತ್ತು. ಶಿವಮೊಗ್ಗಕ್ಕೆ ಒಯ್ದು ಬೆಸೆಸಬೇಕು, ಕಡಿಮೆಯೆಂದರೆ ಮೂರು ವಾರ ಕೆಲಸವಿಲ್ಲ. ಸಾವ್ಕಾರ್ರು ಖಾಲಿ ತೋಡಿನೊಳಗೆ ಬೆರಳು ಹಾಕಿ ತೆಗೆದು ಮೂಸಿದರು.

"ಹರಳೆಣ್ಣಿ! ಯಾವನ್ಲೇ ಇದರೊಳಗ ಎಣ್ಣಿ ಹೊಯ್ದಾವ?"

ಗೌಡರು ಏಣಿ ಇಳಿದು ಬಂದರು. ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನೇ ಸಾವ್ಕಾರ್ರೆ. ಪೂಜೆ ದಿನ ಹಾಕಿದ್ದು. ಬೆಣೆ ತೆಗೆಯಕ್ಕೆ ಸಾಬ್ರಿಗೆ ಭಾಳ ಕಷ್ಟ ಆಗ್ತದೆ. ಅವತ್ತು ಅಳೋದು ಕಂಡೆ. ಮುಂದಿನ ಸಲ ಸಲೀಸಾಗಿ ಬರ್ಲಿ ಅಂತ ಮನೆಯಿಂದ ಎಣ್ಣೆ ತಂದು ಹಾಕ್ದೆ. ಗಾಡಿ ಅಚ್ಚಿಗೆ ಹಾಕಲ್ವಾ, ಹಂಗೆ ಅಂತ ತಿಳಕಂಡೆ."

ಗಾಡಿ ಕಟ್ಟಿ ಬೆಳೆದವರು ಅವರು. ಚಕ್ರ ಕಿರುಗುಟ್ಟಿದರೆ ಎಣ್ಣೆ, ಏತ ಕಿರುಗುಟ್ಟಿದರೆ ಎಣ್ಣೆ. ತಿರುಗುವ ಯಾವುದಕ್ಕಾದರೂ ಎಣ್ಣೆ ಹಾಕಿದರೆ ಒಳ್ಳೆಯದೇ ಆಗಬೇಕು. ಒಣಗಿದ್ದರೆ ಮಾತ್ರ ನಿಲ್ಲುವ ವಸ್ತುವನ್ನು ಅವರು ತಮ್ಮ ಬಾಳಿನಲ್ಲಿ ಕಂಡಿರಲಿಲ್ಲ. ಎರಡು ವರ್ಷದಲ್ಲಿ ನಾನು ಅವರಿಗೆ ಅದನ್ನು ಹೇಳಿರಲೂ ಇಲ್ಲ. ಅವರು ಕೇಳಿದಾಗಲೆಲ್ಲ ರೇಗಿದ್ದೆ, ಅಷ್ಟೇ.

ಸಾವ್ಕಾರ್ರು ನನ್ನ ಕಡೆ ತಿರುಗಿದರು. "ಸಾಬ್ರೆ, ಇದರಿಂದನ ಆತೇನ್ರೀ?"

ಸುತ್ತ ಇಪ್ಪತ್ತು ಜನ ನಿಂತಿದ್ದರು. ಎರಡನೇ ಸುತ್ತು ಹೊಡೆದಿದ್ದರೆ ಬೆಣೆ ಸಡಿಲವಾದದ್ದು ಅಲ್ಲೇ ಗೊತ್ತಾಗುತ್ತಿತ್ತು. ಬಿಚ್ಚಿ, ಒರೆಸಿ, ಮತ್ತೆ ಕೂರಿಸಬಹುದಿತ್ತು. ಮುಹೂರ್ತ ತಪ್ಪುತ್ತಿತ್ತು, ಬೇರೇನೂ ಆಗುತ್ತಿರಲಿಲ್ಲ. ಇದೆಲ್ಲ ನನ್ನ ತಲೆಯಲ್ಲಿ ನಿಚ್ಚಳವಾಗಿತ್ತು. ನನ್ನ ಬಾಯಿ ಮಾತ್ರ ಬೇರೆಯದನ್ನು ಹೇಳಿತು.

"ಎಣ್ಣೆ ಇದ್ರೆ ಬೆಣೆ ನಿಲ್ಲೋದಿಲ್ರೀ" ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಷ್ಟು ನಾಚಿಕೆಗೇಡಿನ ಸತ್ಯವನ್ನು ನಾನು ಮತ್ತೆ ಯಾವತ್ತೂ ಆಡಿಲ್ಲ. ಸಾವ್ಕಾರ್ರು ಗೌಡರಿಗೆ ನಾಳೆಯಿಂದ ಬರಬೇಡ ಎಂದರು. ಗೌಡರು ತಮ್ಮ ಬುತ್ತಿಯ ಬಟ್ಟೆ ಎತ್ತಿಕೊಂಡು, "ಬರ್ತೀನಿ ಸಾಬ್ರೆ, ರಟ್ಟೆ ನೋಡ್ಕಳಿ" ಎಂದು ಹೇಳಿ ಕಾಲುದಾರಿ ಹಿಡಿದರು. ಸಂಜೆಯಾಗಲು ಇನ್ನೂ ಬಹಳ ಹೊತ್ತಿತ್ತು. ಅಷ್ಟು ಬೇಗ ಅವರು ಮನೆಗೆ ಹೋದದ್ದನ್ನು ನಾನು ನೋಡಿರಲಿಲ್ಲ.

ಮೂರು ವಾರ ನಾನು ಶಿವಮೊಗ್ಗಕ್ಕೂ ಕ್ವಾರಿಗೂ ಓಡಾಡಿದೆ. ಉರುಳೆ ಬೆಸೆಸಿದೆ, ಹೊಸ ಗೋಡೆ ಹಾಕಿಸಿದೆ. ಉಂಡದ್ದು ಮೈಗೆ ಹತ್ತಲಿಲ್ಲ. ಹೆಂಡತಿ ಎರಡು ಮೂರು ಸಲ ಏನಾಯಿತೆಂದು ಕೇಳಿದಳು. ಕೊನೆಗೊಂದು ದಿನ ಹೇಳಿಬಿಟ್ಟೆ. ಅವಳು ಶಾಖದ ಗಂಟನ್ನು ಕೆಳಗಿಟ್ಟಳು. "ನನಗೆ ಹೇಳಿದರೆ ಏನು ಬಂತು? ಹೋಗಿ ಅವರಿಗೆ ಹೇಳಿ" ಎಂದಳು.

ಒಂದು ಭಾನುವಾರ ಬೆಳಗ್ಗೆ ಗೌಡರ ಊರಿಗೆ ಹೋದೆ. ಕೆರೆಯ ಏರಿ ದಾಟಿ ಹೋಗುವಷ್ಟರಲ್ಲಿ ಏನೇನು ಹೇಳಬೇಕೆಂದು ನಾಲ್ಕು ಸಲ ಜೋಡಿಸಿಕೊಂಡಿದ್ದೆ. ಗೌಡರು ಜಗಲಿಯ ಮೇಲೆ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ಮನೆ ಬಿಟ್ಟು ಹೋಗದೆ ಮಾಡಬಹುದಾದ ಕೆಲಸ ಅದೊಂದೇ ಸಿಕ್ಕಿತ್ತಂತೆ. ಸಂತೆಗೆ ಒಯ್ದು ಮಾರುವವರಿಗೆ ಕೊಡುತ್ತಿದ್ದರು. ನನ್ನನ್ನು ಕಂಡು ಎದ್ದು ಚಾಪೆ ಹಾಸಿದರು, ಬೆಲ್ಲ ನೀರು ಕೊಟ್ಟರು. ಮೈ ಇಳಿದುಹೋಗಿತ್ತು. ನಾನು ಜೋಡಿಸಿಕೊಂಡ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಗೌಡ್ರೆ, ಅವತ್ತು ನಾನು ಎರಡನೇ ಸುತ್ತು ಹೊಡೆದಿರ್ಲಿಲ್ರೀ" ಎಂದೆ.

"ಗೊತ್ತು" ಎಂದರು. ಹೊಸೆಯುವ ಕೈ ನಿಲ್ಲಲಿಲ್ಲ.

"ಹ್ಯಾಗೆ ಗೊತ್ತು?"

"ಎರಡು ವರ್ಷ ನಿಮ್ ತಲೆ ಮೇಲೇ ಕೂತಿದ್ನಲ್ಲ ಮಾರಾಯ್ರೆ. ಯಾವ ಬೆಣೆಗೆ ಎಷ್ಟು ಏಟು ಅಂತ ನಂಗೆ ಗೊತ್ತಾಗಲ್ವಾ? ಅವತ್ತು ಒಂದೂ ಕೇಳ್ಲಿಲ್ಲ."

"ಮತ್ತೆ ಕಲ್ಲು ಯಾಕ್ರೀ ಹಾಕಿದ್ರಿ?"

ಅವರು ನಾರಿನ ಎಳೆ ಸೇರಿಸುತ್ತಿದ್ದವರು ತಲೆಯೆತ್ತಿ, ನಾನು ಕೇಳಬಾರದ್ದನ್ನು ಕೇಳಿದೆನೋ ಎಂಬಂತೆ ನನ್ನನ್ನು ನೋಡಿದರು. "ನೀವು ಹಾಕಿ ಅಂದ್ರಲ್ಲ" ಎಂದರು.

ಸಾವ್ಕಾರ್ರಿಗೆ ಯಾಕೆ ಹೇಳಲಿಲ್ಲ ಎಂದು ಕೇಳುವಷ್ಟು ಧೈರ್ಯ ನನಗೆ ಉಳಿದಿರಲಿಲ್ಲ. ಅವರೇ ಹೇಳಿದರು. "ಎಣ್ಣೆ ಹಾಕಿದ್ದು ಸುಳ್ಳಲ್ಲ. ನಾನಂತೂ ಉಳೀತಿರ್ಲಿಲ್ಲ. ಹೇಳಿದ್ರೆ ನಿಮ್ಮನ್ನೂ ಕಳಿಸ್ತಿದ್ರು. ಇಬ್ರೂ ಮನೇಲಿ ಕೂತು ಏನು ಮಾಡೋದು?"

ಒಳಗಿನಿಂದ, ಮಂಚದ ಮೇಲಿಂದಲೇ, ಅವರ ಹೆಂಡತಿಯ ದನಿ ಬಂತು. ನಾನು ಆಕೆಯನ್ನು ಎಂದೂ ನೋಡಿರಲಿಲ್ಲ. "ಯಾರು, ಸಾಬ್ರಾ? ಅವರ ರಟ್ಟೆ ನೋವು ಈಗ ಹೆಂಗದೆ ಕೇಳಿ" ಎಂದರು.

ನಾನು ಜಗಲಿಯಿಂದ ಎದ್ದೆ. ವಾಸಿಯಾಗಿದೆ ಎಂದು ಸುಳ್ಳು ಹೇಳಿದೆ.

ಸೋಮವಾರ ಸಾವ್ಕಾರ್ರ ಅಂಗಡಿಗೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ಗೌಡರನ್ನು ವಾಪಸು ಕರೆಯಿರಿ ಎಂದೆ. ಅವರು ತೊಗರಿಯ ಚೀಲ ಇಳಿಸಿಕೊಳ್ಳುತ್ತಿದ್ದವರು ಕೆಲಸ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ.

"ಆತು ಬಿಡ್ರೀ, ಆಗಿದ್ದು ಆಗಿಹೋತು. ಆ ಜಾಗಕ್ಕ ಬ್ಯಾರೆ ಆಳು ಹೇಳೀನಿ. ಕಲ್ಲು ಹಾಕೋರು ಎಷ್ಟು ಮಂದಿ ಬೇಕು, ಸಿಗ್ತಾರ. ಬೆಣಿ ಹೊಡಿಯೋರನ್ನ ನಾ ಎಲ್ಲಿಂದ ತರ್ಲಿ? ಹೋಗ್ರೀ, ನಾಳೆ ಮಿಷನ್ ಶುರು ಆಗ್ಲಿ."

ಗೌಡರು ಬರದಿದ್ದರೆ ನಾನೂ ಬರುವುದಿಲ್ಲ ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಹೇಳಿದ್ದರೆ ಸಾವ್ಕಾರ್ರು ಒಪ್ಪುತ್ತಿದ್ದರೋ ಏನೋ. ಹೇಳಿ ನೋಡಲಿಲ್ಲ. ಮನೆ, ಮಕ್ಕಳು ಎಂದು ಆಗ ನನಗೆ ನಾನೇ ಕಾರಣ ಕೊಟ್ಟುಕೊಂಡೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನ್ನಲ್ಲಿ ಜಗಳ ಆಡುವ ಕಸುವು ಇರಲಿಲ್ಲ. ದಣಿವು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಎಂದು ಹೇಳುವವರನ್ನು ನಾನು ಆಮೇಲೆ ನಂಬಿಲ್ಲ.

ಮಾರನೆಯ ದಿನ ಪಟ್ಟಿ ಕೂರಿಸಿದೆ. ತೋಡುಗಳಲ್ಲಿ ಬೆರಳು ಆಡಿಸಿ ನೋಡಿದೆ. ಮೊದಲ ಸುತ್ತು ಹೊಡೆದೆ, ಅರ್ಧ ಗಂಟೆ ಓಡಿಸಿದೆ, ನಿಲ್ಲಿಸಿ ಎರಡನೇ ಸುತ್ತನ್ನೂ ಹೊಡೆದೆ. ರಟ್ಟೆ ಕಿತ್ತುಬರುತ್ತಿತ್ತು, ಒಂದೇಟೂ ಬಿಡಲಿಲ್ಲ. ಬೆಲ್ಟು ಏರಿಸಿ ಇಂಜಿನ್ ಶುರು ಮಾಡಿದರು. ನಾನು ಸಮ್ಮಟಿಗೆ ಬದಿಗಿಟ್ಟು, ಉರುಳೆಯ ಸದ್ದಿಗೆ ಒಂದು ಗಳಿಗೆ ಕಿವಿಗೊಟ್ಟು, ಆಮೇಲೆ ಕೂಗೋಣ ಎಂದು ನಿಂತೆ. ಅಷ್ಟರಲ್ಲೇ ಮೇಲಿನಿಂದ ದಡದಡ ಕಲ್ಲು ಬೀಳತೊಡಗಿತು.

"ನಾನು ಹಾಕಿ ಅನ್ನೋತನಕ ಕಾಯಬೇಕಂತ ಗೊತ್ತಿಲ್ಲೇನೋ?" ಎಂದು ಹೊಸಬನಿಗೆ ರೇಗಿದೆ.

"ಇಂಜಿನ್ ಶುರು ಆತಲ್ರೀ, ಇನ್ನು ನಿಮ್ಮ ಮಾತು ಯಾಕ ಬೇಕು?" ಎಂದ. ಅವನು ಸೊಕ್ಕಿನಿಂದ ಹೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ.

ನನ್ನ ಒಂದು ಮಾತಿಗಾಗಿ ಕೈಯಲ್ಲಿ ಕಲ್ಲು ಹಿಡಿದು ಕಾಯುತ್ತಿದ್ದವರು ಒಬ್ಬರೇ ಇದ್ದರು. ಅವರನ್ನು ನಾನು ಉಳಿಸಿಕೊಳ್ಳಲಿಲ್ಲ.